ಕಾಲಿಗೆ ಗೊತ್ತು

ರಿಪ್ಪನ್‌ಪೇಟೆ ಹತ್ತಿರದ ನಮ್ಮ ಗದ್ದೆಯೇ, ಕೊಯ್ಲು ಮುಗಿದ ಮೇಲೆ, ನನ್ನ ಬಾಲ್ಯದ ಗೆಳೆಯನ ಮೊದಲ ಫುಟ್‌ಬಾಲ್ ಮೈದಾನ. ನಟ್ಟನಡುವೆ ಒಂದು ಬದು. ನಾವೆಲ್ಲ ಅಲ್ಲಿ ಎಡವುತ್ತಿದ್ದೆವು. ಅವನು ಓಟ ನಿಲ್ಲಿಸದೆ ಚೆಂಡಿನ ಸಮೇತ ಹಾರುತ್ತಿದ್ದ. "ಹೇಗೋ ಅದು?" ಎಂದರೆ ತಲೆ ಕೆರೆದುಕೊಂಡು, "ನಂಗೇನ್ ಗೊತ್ತು ಮಾರಾಯ, ಕಾಲಿಗ್ ಗೊತ್ತು" ಎನ್ನುತ್ತಿದ್ದ.

ಮುಂದೆ ಅವನು ದೊಡ್ಡ ಕ್ಲಬ್ಬೊಂದರ ಫಾರ್ವರ್ಡ್ ಆದ. ಒಂದು ಸಂಜೆ ಟೀವಿಯಲ್ಲಿ ಅವನ ಪಂದ್ಯ ನೋಡುತ್ತಿದ್ದೆವು. ಆಟ ಸಮನಾಗಿ ಮುಗಿಯುವುದರಲ್ಲಿತ್ತು. ಚೆಂಡು ತಳ್ಳುತ್ತ ಓಡಿಬಂದವನು ಮೈದಾನದ ನಡುಗೆರೆಯಲ್ಲಿ, ಸಪಾಟು ಹುಲ್ಲಿನ ಮೇಲೆ, ಸುಮ್ಮನೆ ಒಮ್ಮೆ ಹಾರಿದ. ಎದುರಾಳಿ ತಬ್ಬಿಬ್ಬಾಗಿ ನಿಂತುಬಿಟ್ಟ; ಇವನು ನುಗ್ಗಿ ಗೋಲು ಹೊಡೆದ.

ಕಾಮೆಂಟರಿಯವರು ಆ ಜಿಗಿತಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟರು. ಬದು ಹಾಳು ಮಾಡುತ್ತೀರೆಂದು ದಿನವೂ ನಮ್ಮನ್ನು ಬೈಯುತ್ತಿದ್ದ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು: "ನೋಡ್ರೋ, ನಮ್ ಬದು ದಾಟ್ದ!"