ಟವೆಲ್ ಕಟ್ಟಿಕೊಂಡ ಯಂತ್ರ

ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಎಂದು ಅಳೆಯುವ ಯಂತ್ರ ಹೊತ್ತು ಊರೂರು ತಿರುಗುವುದು ಆಗ ನನ್ನ ಕೆಲಸ. ಚೊಕ್ಕ ಗಾಳಿಯ ಲೆಕ್ಕವೂ ಬೇಕೆಂದು ಮಲೆನಾಡಿನ ಹಳ್ಳಿ ಕಡಹಿನಬೈಲಿಗೆ ಕಳಿಸಿದ್ದರು. ರಸ್ತೆ ಬದಿಯ ಮನೆಯೊಂದರ ಅಂಗಳದಲ್ಲಿ ಯಂತ್ರ ಇಟ್ಟೆ. ಅದು ರಾತ್ರಿಯಿಡೀ ಗಾಳಿ ಎಳೆದುಕೊಳ್ಳುತ್ತದೆ. ಒಳಗಿನ ಬಿಳಿ ಕಾಗದದ ಮೇಲೆ ಕೊಳೆ ಕೂರುತ್ತದೆ.

ಬೆಳಿಗ್ಗೆ ತೆಗೆದರೆ ಕಾಗದ ಕರ್‍ರಗೆ! ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೂ ಇಷ್ಟು ಕಪ್ಪಾಗಿರಲಿಲ್ಲ. ಸುತ್ತ ನೋಡಿದೆ. ರಸ್ತೆಯುದ್ದಕ್ಕೂ ಬೆಂಕಿ ಹಾಕಿದ ಅಡಿಕೆ ಸಿಪ್ಪೆಯ ರಾಶಿಗಳು ಹೊಗೆಯಾಡುತ್ತಿದ್ದವು. ನಾನು ಮಂಜು ಎಂದುಕೊಂಡು ಎದೆ ತುಂಬ ಎಳೆದುಕೊಂಡದ್ದು ಅದನ್ನೇ.

ಮನೆಯ ಯಜಮಾನರಿಗೆ ಉಬ್ಬಸ. ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದರಂತೆ. ನಸುಕಿನಲ್ಲೇ ಆ ಹೊಗೆಯಲ್ಲಿ ಹೊರಡುತ್ತಿದ್ದರು. ಕಾಗದ ತೋರಿಸಿ, "ಬಿಸಿಲೇರಿ ಹೊಗೆ ಚದುರಿದ ಮೇಲೆ ಹೋಗಿ. ಇದು ನಿಮ್ಮ ಎದೆಗೆ ಒಳ್ಳೆಯದಲ್ಲ" ಎಂದೆ. ಗಂಭೀರವಾಗಿ ತಲೆಯಾಡಿಸಿದರು.

ಮರುದಿನ ಕಾಗದ ಬೆಳ್ಳಗೆ. ನನಗೆ ಗಾಬರಿ. ನೋಡಿದರೆ, ಯಂತ್ರದ ಬಾಯಿಗೆ ದಪ್ಪ ಟವೆಲ್ ಬಿಗಿಯಾಗಿ ಕಟ್ಟಿದೆ!

"ನಾನೇ ಕಟ್ಟಿದ್ದು," ಎಂದರು ಯಜಮಾನರು, ಕೆಮ್ಮುತ್ತಾ. ವಾಕಿಂಗಿಗೆ ಹೊರಟು ನಿಂತಿದ್ದರು. "ಅಷ್ಟು ಹೊಗೆ ಎಳೆದ್ರೆ ಮಿಷನ್ ಉಳೀತದಾ? ಹಾಳಾದ್ರೆ ನಿಮ್ಗೇ ತೊಂದ್ರೆ."

"ಮತ್ತೆ ನಿಮ್ಮ ಎದೆ?"

"ಅಯ್ಯೋ, ನಂಗೆ ಅಭ್ಯಾಸ ಆಗಿದೆ ಮಾರಾಯ್ರೆ."

ಟವೆಲ್ ಬಿಚ್ಚಿ ಅವರ ಕೈಗೇ ಕೊಟ್ಟು, "ಮೊದಲು ನೀವು ಕಟ್ಟಿಕೊಳ್ಳಿ" ಎಂದೆ. ಪಾಪ, ಹೇಳಿದ ಹಾಗೇ ಕೇಳಿದರು. ಥಂಡಿ ತಾಗದ ಹಾಗೆ ತಲೆಗೂ ಕಿವಿಗೂ ಚೆನ್ನಾಗಿ ಸುತ್ತಿಕೊಂಡು, ಮೂಗೊಂದನ್ನು ಪೂರ್ತಿ ಹೊರಗೆ ಬಿಟ್ಟು, ಹೊಗೆಯೊಳಕ್ಕೆ ನಡೆದೇಬಿಟ್ಟರು.