ಲೈಬ್ರರಿ ಸರ್ ಕಳೆದುಕೊಂಡ ಕನ್ನಡ

ಓದುವಾಗ ಅವರ ತುಟಿಗಳು ಅಲುಗಾಡುತ್ತಿದ್ದವು. ದನಿ ಹೊರಡುತ್ತಿರಲಿಲ್ಲ, ಒತ್ತಕ್ಷರ ಬಂದಲ್ಲಿ ಮಾತ್ರ ಕೆಳದುಟಿ ಒಂದು ಕ್ಷಣ ತಡೆದು ನಿಲ್ಲುತ್ತಿತ್ತು. ಖಾನಾಪುರದ ವಾಚನಾಲಯದಲ್ಲಿ ಅವರನ್ನು ಮೊದಲು ನೋಡಿದಾಗ ಏನೋ ಜಪ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಎಲ್ಲರೂ ಅವರನ್ನು ಲೈಬ್ರರಿ ಸರ್ ಅನ್ನುತ್ತಿದ್ದರು.

ಅವರ ಮನೆಮಾತು ಮರಾಠಿ, ಓದಿದ್ದೂ ಮರಾಠಿ ಸಾಲೆಯಲ್ಲಿ. ಸಂತೆಯಲ್ಲಿ ಆಡುವಷ್ಟು ಕನ್ನಡ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮೂವತ್ತನೆಯ ವಯಸ್ಸಿಗೆ ಈ ನೌಕರಿ ಸಿಕ್ಕಾಗ, ಕಪಾಟಿನ ಅರ್ಧ ಪುಸ್ತಕ ತನಗೇ ಓದಲು ಬಾರದು ಎಂದು ನಾಚಿಕೆಯಾಯಿತಂತೆ. ಮಗಳನ್ನು ಕನ್ನಡ ಸಾಲೆಗೆ ಹಾಕಿ, ಅವಳ ಒಂದನೆಯ ತರಗತಿಯ ಪುಸ್ತಕ ಹಿಡಿದು ತಾವೂ ಕಲಿತರು.

ನಾನು ದೇಸೂರಿನಿಂದ ಕಾಲೇಜಿಗೆ ಬರುತ್ತಿದ್ದ ಹುಡುಗಿ. ಸಂಜೆಯ ರೈಲಿನವರೆಗೆ ಅಲ್ಲೇ ಕೂತಿರುತ್ತಿದ್ದೆ. ತಿಳಿಯದ ಶಬ್ದಗಳನ್ನು ಅವರು ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟು ನನ್ನನ್ನು ಕೇಳುತ್ತಿದ್ದರು. ಒಮ್ಮೆ ಆಸೆಗೂ ಹಂಬಲಕ್ಕೂ ಏನು ಫರಕು ಎಂದು ಕೇಳಿದರು. ಎರಡು ದಿನ ಬಿಟ್ಟು ಅವರೇ ಹೇಳಿದರು: "ಆಸಿ ಇದ್ದಾವ ಉಣ್ಣತಾನ. ಹಂಬಲ ಇದ್ದಾವಗ ತಾಟು ಮುಂದ ಇದ್ರೂ ಉಣ್ಣಾಕ ಆಗೂದಿಲ್ಲ. ಬರೋಬ್ಬರಿ ಐತೇನ ತಂಗಿ?"

ನಾನು ಡಬ್ಬಿ ತರದ ದಿನ ಅವರಿಗೆ ಹೇಗೋ ಗೊತ್ತಾಗುತ್ತಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂಡಿಸಿ, ತಮ್ಮ ಅಕ್ಕಿ ಭಾಕರಿ, ಹುರುಳಿ ಪಲ್ಯದಲ್ಲಿ ಅರ್ಧ ಕೊಡುತ್ತಿದ್ದರು. ಕೈ ತೊಳೆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಪುಸ್ತಕ.

ಮುಂದೆ ನರ್ಸಿಂಗ್ ಮುಗಿಸಿ, ಜರ್ಮನಿಗೆ ಹೋಗಲೆಂದು ಬೆಳಗಾವಿಯಲ್ಲಿ ಜರ್ಮನ್ ಕ್ಲಾಸಿಗೆ ಸೇರಿದೆ. ಎರಡು ಸಲ ಫೇಲಾಗಿ, ಇನ್ನು ಸಾಕು ಎಂದು ಅವರ ಮುಂದೆ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಮೂರು ತಿಂಗಳು ದಿನಾ ಸಂಜೆ ಎದುರಿಗೆ ಕೂಡಿಸಿಕೊಂಡು, ತಮಗೊಂದಕ್ಷರ ತಿಳಿಯದ ಆ ಪಾಠಗಳನ್ನು ನನ್ನಿಂದ ಜೋರಾಗಿ ಓದಿಸಿದರು. ಮೂರನೆಯ ಸಲ ಪಾಸಾದೆ.

ಜರ್ಮನಿಯಲ್ಲಿ ನನಗೆ ಸಿಕ್ಕಿದ್ದು ಪಾರ್ಶ್ವವಾಯು ಹೊಡೆದವರ ವಾರ್ಡು. ಮಾತು ಹೋದವರಿಗೆ ಚಿತ್ರದ ಚೀಟಿ ತೋರಿಸಿ, ನೀರು, ಬಾಗಿಲು, ಕೈ ಎಂದು ಮತ್ತೆ ಹೇಳಿಸುವುದು ನನ್ನ ಕೆಲಸದ ಭಾಗ. ರವಿವಾರ ಸರ್‌ಗೆ ಫೋನು ಮಾಡುತ್ತಿದ್ದೆ. ಇಲ್ಲಿಯ ಹುಳಿ ಬ್ರೆಡ್ಡು ಕಟ್ಟಿಗೆಯಂತಿದೆ ಎಂದರೆ ನಗುತ್ತಿದ್ದರು. ದಿನಕ್ಕೊಂದು ಪುಟ ಕನ್ನಡ ಜೋರಾಗಿ ಓದು, ಇಲ್ಲದಿದ್ದರೆ ನಾಲಿಗೆ ಜಡ್ಡುಗಟ್ಟುತ್ತದೆ ಅನ್ನುತ್ತಿದ್ದರು. ಅಡುಗೆಮನೆಯಲ್ಲಿ ನಿಂತು ಗೋಡೆಗೆ ಓದುತ್ತಿದ್ದೆ.

ಹೋದ ವರ್ಷ ಅವರಿಗೇ ಪಾರ್ಶ್ವವಾಯು ಹೊಡೆಯಿತು. ಫೋನು ಮಾಡಿದ್ದು ಅವರ ಮಗಳು. ನಾನು ಅಕ್ಕ ಅನ್ನುವವಳು. ಜೀವಕ್ಕೆ ಅಪಾಯವಿಲ್ಲ, ಮಾತೂ ತಿರುಗಿ ಬಂದಿದೆ ಎಂದಳು. ಆಮೇಲೆ "ಮರಾಠಿ ಅಷ್ಟ ಬಂದೈತಿ ನೋಡವಾ. ಕನ್ನಡ ಪೂರಾ ಹೋಗೇತಿ" ಅಂದಳು.

ಹೀಗಾಗುವುದುಂಟು. ವಾರ್ಡಿನಲ್ಲಿ ಕಂಡಿದ್ದೇನೆ, ಮನೆಯವರಿಗೆ ವಿವರಿಸಿಯೂ ಇದ್ದೇನೆ. ಕಲಿತ ಭಾಷೆ ಹೋಗಿ ತೊಟ್ಟಿಲ ಭಾಷೆ ಉಳಿಯುತ್ತದೆ. ಆದರೂ ರಜೆ ಹಾಕಿ, ಚಿತ್ರದ ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಖಾನಾಪುರಕ್ಕೆ ಬಂದೆ.

ಸರ್ ನನ್ನನ್ನು ಗುರುತಿಸಿದರು. ಕಣ್ಣು ತುಂಬಿಕೊಂಡವು. "ಜೇವಲೀಸ ಕಾ?" ಅಂದರು, ಊಟ ಆಯಿತೇ ಎಂದು. ಹೂಂ ಅಂದೆ. ಅವರು ಮತ್ತೇನೋ ಉದ್ದಕ್ಕೆ ಹೇಳಿದರು. ನನಗೆ ಬರುವ ಮರಾಠಿ ಅಲ್ಲಿಗೇ ಮುಗಿದಿತ್ತು.

ನೀರಿನ ಚೀಟಿ ತೋರಿಸಿ 'ನೀರು' ಅಂದೆ. 'ಪಾಣಿ' ಅಂದರು. ಕಾಗದದ ಮೇಲೆ ದೊಡ್ಡದಾಗಿ 'ಅ' ಬರೆದೆ. ಅವರು ಅಕ್ಷರ ನೋಡಲಿಲ್ಲ. ನನ್ನ ಮುಖ ನೋಡಿದರು, ಏನು ಹೇಳಿದರೆ ಇವಳಿಗೆ ಖುಷಿಯಾದೀತು ಎಂದು ಹುಡುಕುವವರಂತೆ. ನಾಲ್ಕು ದಿನ ಬಿಡದೆ ಕೂತೆ. ಐದನೆಯ ದಿನ ಅವರ ಹಣೆಯ ಮೇಲೆ ಬೆವರು ಬಂತು. "ಬಿಡವಾ, ಅವರಿಗೆ ತ್ರಾಸ ಆಕ್ಕೈತಿ" ಎಂದು ಅಕ್ಕ ನನ್ನ ಕೈಯಿಂದ ಚೀಟಿ ತೆಗೆದುಕೊಂಡಳು.

ತಿರುಗಿ ಹೋದ ಮೇಲೂ ರವಿವಾರದ ಫೋನು ಬಿಡಲಿಲ್ಲ. ಮಾತಾಡಲು ಆಗದ್ದಕ್ಕೆ ಒಂದು ಪುಟ ಕನ್ನಡ ಓದುತ್ತಿದ್ದೆ. ಅಕ್ಕ ಫೋನನ್ನು ಅವರ ಕಿವಿಗೆ ಹಿಡಿಯುತ್ತಿದ್ದಳು. ಕೊನೆಯವರೆಗೂ ಕೇಳಿ, ಅವರು ಮರಾಠಿಯಲ್ಲಿ ಮಗಳನ್ನು ಏನೋ ಕೇಳುತ್ತಿದ್ದರು. ಏನದು ಎಂದು ಒಂದು ದಿನ ಒತ್ತಾಯಿಸಿದೆ.

"ಪೋರಿ ಏನ್ ಹೇಳಾಕತ್ತಾಳ ಅಂತ ಕೇಳತಾರವಾ," ಅಂದಳು.

ಆ ವಾರದಿಂದಲೇ ಮರಾಠಿ ಕಲಿಯಲು ಕೂತೆ. ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಪಾಠ ಕೇಳಿ, ಅವರಿಗೆ ಹೇಳಬೇಕಾದ ಒಂದು ವಾಕ್ಯವನ್ನು ಮೊದಲು ಬಾಯಿಪಾಠ ಮಾಡಿದೆ. ಬರುವ ರವಿವಾರ ಹೇಳುವುದು ಎಂದುಕೊಂಡಿದ್ದೆ. ಗುರುವಾರ ಅಕ್ಕನ ಫೋನು ಬಂತು. ಬೆಳಿಗ್ಗೆ ಹಾಲು ಕುಡಿದು ಮಲಗಿದವರು ಏಳಲಿಲ್ಲ. ಅಷ್ಟು ದೂರದಿಂದ ಅವರ ಮಣ್ಣಿಗೆ ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ.

ಆ ರವಿವಾರ ಅಕ್ಕನಿಗೇ ಆ ವಾಕ್ಯ ಹೇಳಿದೆ. "ತುಮ್ಚ್ಯಾಮುಳೆ ಮೀ ಶಿಕಲೆ." ನಿಮ್ಮಿಂದ ನಾನು ಕಲಿತೆ ಎಂದು.

"ಇನ್ನೊಮ್ಮೆ ಹೇಳವಾ," ಅಂದಳು.

ಹೇಳಿದೆ.