ಬಾಯಿ ತಪ್ಪಿ ಬಂದ ಗುಗ್ಗೆ

ನನ್ನ ಮೊಮ್ಮಗಳಿಗೆ ಜಪಾನಿನಲ್ಲಿ ಸಂಶೋಧನೆ ಮಾಡಲು ಸೀಟು ಸಿಕ್ಕಿತು! ಈ ಬೆಳಿಗ್ಗೆ ಪತ್ರ ಬಂತು. ಇಲ್ಲಿ ಅರಬರ ನಾಡಿನಲ್ಲಿ, ಮಲಾಜ್ ಬಡಾವಣೆಯ ನಮ್ಮ ಕಟ್ಟಡದ ಮೂರೂ ಮಹಡಿಗೆ ನಾನೇ ಹತ್ತಿ ಇಳಿದು ಹೇಳಿ ಬಂದೆ. ಮೊಣಕಾಲು ನೋವು ನೆನಪಾದದ್ದು ಆಮೇಲೆ.

ನಾನು ಓದಿದ್ದು ಮೂರನೆಯ ಕ್ಲಾಸು. ಅವಳ ವಿಷಯವೋ, ಜಪಾನಿನ ಬೇರೆ ಬೇರೆ ಸೀಮೆಯವರ ಹಿರಿಯರು ಎಲ್ಲಿಂದ ಬಂದರು ಎಂದು ಮೂಳೆ, ಹಲ್ಲು, ಮೈಯ ಗುರುತು ನೋಡಿ ಹುಡುಕುವುದು. ಇದ್ದದ್ದು ಒಂದೇ ಜಾಗ. ಕಳೆದ ತಿಂಗಳು ಸಂದರ್ಶನದ ಹಿಂದಿನ ದಿನ, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತ ಮತ್ತೆ ಮತ್ತೆ ತಡವರಿಸಿ ಅಳುವ ಹಾಗಾಗಿದ್ದಳು.

“ನನಗೆ ಹೇಳು, ನೋಡುವ,” ಎಂದೆ.

“ಅಜ್ಜಿ, ಅಲ್ಲಿ ಕೆಲವರ ಕಿವಿಯಲ್ಲಿ… ಅದಕ್ಕೆ ಎಂತ ಹೇಳುವುದು, ಇಯರ್ ವ್ಯಾಕ್ಸ್?”

“ಗುಗ್ಗೆ, ಮಾರಾಯ್ತಿ! ಸಣ್ಣದಿರುವಾಗ ನಿನ್ನ ಕಿವಿಯಿಂದ ನಾನು ಎಷ್ಟು ತೆಗೆದಿಲ್ಲ!”

ನಕ್ಕಳು. ನಕ್ಕ ಮೇಲೆ ಮಾತು ಸಲೀಸಾಯಿತು. ಆ ದ್ವೀಪಗಳಲ್ಲಿ ಮೊದಲು ಬೇಟೆಯಾಡಿ, ಮೀನು ಹಿಡಿದು ಬದುಕಿದವರಿದ್ದರಂತೆ. ಆಮೇಲೆ ಸಮುದ್ರ ದಾಟಿ ಭತ್ತದ ಬೇಸಾಯದವರು ಬಂದರು. ಬೆರೆತರು, ಆದರೆ ಎಲ್ಲ ಕಡೆ ಒಂದೇ ಹದದಲ್ಲಿ ಅಲ್ಲ. ಮೊದಲಿನವರ ರಕ್ತ ಹೆಚ್ಚು ಉಳಿದ ಉತ್ತರ, ದಕ್ಷಿಣದ ತುದಿಯವರಲ್ಲಿ ಅಂಟು ಗುಗ್ಗೆ ಹೆಚ್ಚು, ನಡುವಿನವರಲ್ಲಿ ಒಣ ಗುಗ್ಗೆ ಹೆಚ್ಚು.

“ನನ್ನದೂ ಅಂಟೇ ಅಲ್ಲವಾ? ಹಾಗಾದರೆ ಆ ತುದಿಯವರು ನಮ್ಮ ಸಂಬಂಧಿಕರು!”

“ಅಷ್ಟು ಬೇಗ ಸಂಬಂಧ ಕುದುರಿಸಬೇಡಿ ಅಜ್ಜಿ! ಅಂಟು ಗುಗ್ಗೆ ಲೋಕದಲ್ಲೆಲ್ಲ ಉಂಟು. ಒಂದೇ ಗುರುತು ಹಿಡಿದು ಯಾರ ಊರೂ ಹೇಳಲಿಕ್ಕಾಗುವುದಿಲ್ಲ.”

ಮರುದಿನ ಅವಳು ಕಂಪ್ಯೂಟರಿನ ಮುಂದೆ, ನಾನು ಬಾಗಿಲ ಹೊರಗೆ. ಓದದವರಿಗೆ ಹೇಳುವ ಹಾಗೆ ಹೇಳು ಎಂದರಂತೆ ಅಲ್ಲಿಯ ಪ್ರೊಫೆಸರ್. ಇಂಗ್ಲಿಷು ಸರಸರನೆ ಹರಿಯಿತು. ನಡುವೆ ನನಗೆ ಒಂದೇ ಒಂದು ಶಬ್ದ ತಿಳಿಯಿತು: “ಗುಗ್ಗೆ”. ಆ ಕಡೆಯಿಂದ ಯಾರೋ ಆ ಶಬ್ದವನ್ನೇ ತಿರುಗಿ ಕೇಳಿದರು. ಕೆಡಿಸಿದೆನಲ್ಲ ಇವಳನ್ನು ಎಂದು ಬಾಗಿಲಿಗೆ ಕಿವಿಯಿಟ್ಟೆ. ಅವಳು ಏನೋ ವಿವರಿಸಿದಳು. ಮೊದಲು ಒಬ್ಬರು, ಮತ್ತೆ ಎಲ್ಲರೂ ನಕ್ಕರು. “ಯಾರು ಕಲಿಸಿದರು ಅಂತ ಕೇಳಿದರು ಅಜ್ಜಿ. ನಿಮ್ಮ ವಿಷಯ ಹೇಳಿದೆ,” ಎಂದು ಹೊರಗೆ ಬಂದು ನನ್ನ ಕೊರಳಿಗೆ ಬಿದ್ದಳು.

ಇವತ್ತು ಸಂಜೆ ಮಗ ಒಲಾಯಾದ ಆಫೀಸಿನಿಂದ ಬೇಗ ಬಂದ. ಸೊಸೆ ನೆಲಕ್ಕೆ ಊಟದ ಹಾಸು ಸುಪ್ರ ಹಾಸಿ ಬಿಸಿ ಅಕ್ಕಿರೊಟ್ಟಿ ಪತ್ತಿರಿ, ಹುರಿದ ಬಂಗುಡೆ ತಂದಿಟ್ಟಳು.

“ಯಲ್ಲಾ, ಬೇಗ ಬೇಗ ತಿನ್ನು! ಅಲ್ಲಿ ಹಸಿ ಮೀನೇ ಗತಿ,” ಎಂದು ಮಗ ದೊಡ್ಡ ಬಂಗುಡೆಯನ್ನು ಮಗಳ ಕಡೆಗೆ ತಳ್ಳಿದ. ಅವಳು ಅದನ್ನು ಮುರಿದು ಅರ್ಧ ನನ್ನ ಪತ್ತಿರಿಯ ಮೇಲೆ ಇಟ್ಟಳು. ನಾವು ನಾಲ್ವರೂ ಬಿಸ್ಮಿ ಹೇಳಿ ಕೈ ಹಾಕಿದೆವು.